ಒಂದು ಯಂತ್ರದ ವಠಾರ

ಕಳೆದ ವರ್ಷ ದೀಪಾವಳಿಗೆ ಮುನ್ನ ಪುಣೆಯ ನಮ್ಮ ಕನ್ನಡ ಬಳಗದ ಕಪಾಟನ್ನು ಒಪ್ಪಗೊಳಿಸುತ್ತಿದ್ದಾಗ, ಹಳೆಯ ರಸೀದಿ ಪುಸ್ತಕಗಳ ನಡುವೆ ಒಂದು ಸಿ.ಡಿ. ಸಿಕ್ಕಿತು. ಅದರ ಮೇಲೆ ಮಾಸಿದ ಶಾಯಿಯಲ್ಲಿ ‘ಸ್ಮರಣ ಸಂಚಿಕೆ 1999’ ಎಂದು ಬರೆದಿತ್ತು. ಆ ಸಂಚಿಕೆಯ ಮುದ್ರಿತ ಪ್ರತಿ ನಮ್ಮಲ್ಲಿ ಉಳಿದಿರುವುದು ಒಂದೇ ಒಂದು. ಅದೂ ಒಂದು ಮಳೆಗಾಲದಲ್ಲಿ ನೆನೆದು, ನಡುವಿನ ಹದಿನಾರು ಪುಟಗಳು ಒಂದಕ್ಕೊಂದು ಅಂಟಿಕೊಂಡು ನಾಶವಾಗಿವೆ. ಆದ್ದರಿಂದ ಸಿ.ಡಿ. ಕಂಡೊಡನೆ ನಿಧಿ ಸಿಕ್ಕಿದಷ್ಟು ಹಿಗ್ಗಿದೆವು.

ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಇಂದಿನ ಲ್ಯಾಪ್‌ಟಾಪಿನಲ್ಲಿ ಕಡತವನ್ನು ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ತಲೆಯ ಮೇಲೆ ಚುಕ್ಕೆ, ಬಾಲಕ್ಕೆ ಕೊಂಡಿ ಹೊತ್ತ ರೋಮನ್ ಅಕ್ಷರಗಳ ಸಂತೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಫಾಂಟು ಇಲ್ಲದೆ ಆ ಬರಹವಿಲ್ಲ. ಪುಟ ಜೋಡಿಸಿದ ತಂತ್ರಾಂಶವೋ ಹೊಸ ವಿಂಡೋಸ್‌ನಲ್ಲಿ ಹೆಜ್ಜೆಯಿಡಲೇ ಒಪ್ಪಲಿಲ್ಲ.

ಬಳಗದ ಕಿರಿಯ ಸದಸ್ಯರೊಬ್ಬರು ಒಂದು ಸಂಜೆ ತಮ್ಮ ಲ್ಯಾಪ್‌ಟಾಪ್ ತಂದು, ಅದರೊಳಗೇ ಮತ್ತೊಂದು ಗಣಕವನ್ನು ‘ಕಟ್ಟಿದರು’. ಪರದೆಯ ಮೇಲೊಂದು ಚೌಕ. ಆ ಚೌಕದಲ್ಲಿ, ನಮ್ಮಲ್ಲೊಬ್ಬರು ಜೋಪಾನವಾಗಿ ಇಟ್ಟುಕೊಂಡಿದ್ದ ಮೂಲ ಸಿ.ಡಿ.ಯಿಂದ ವಿಂಡೋಸ್ 98 ಎದ್ದು ನಿಂತಿತು. ಹಳೆಯ ತಂತ್ರಾಂಶ ಅದರೊಳಗೆ ತವರಿಗೆ ಬಂದಂತೆ ಹೊಕ್ಕಿತು. ಸ್ವಲ್ಪ ಹೊತ್ತಿಗೆ ಇಪ್ಪತ್ತೈದು ವರ್ಷ ಹಿಂದಿನ ಪುಟ ದುಂಡನೆಯ ಕನ್ನಡದಲ್ಲಿ ತೆರೆದುಕೊಂಡಿತು. ಚೌಕದ ಹೊರಗೆ ಇಂದಿನ ವ್ಯವಸ್ಥೆ, ಒಳಗೆ ಅಂದಿನದು. ಎರಡೂ ಏಕಕಾಲದಲ್ಲಿ, ಒಂದೇ ಯಂತ್ರದಲ್ಲಿ.

ಇದು ಹೊಸ ಚಮತ್ಕಾರವೆಂದು ನಾನು ಭಾವಿಸಿದ್ದೆ. ಓದುತ್ತ ಹೋದಂತೆ ತಿಳಿದದ್ದು ಬೇರೆ: ಈ ಉಪಾಯಕ್ಕೆ ಅರುವತ್ತು ವರ್ಷಗಳ ಚರಿತ್ರೆಯಿದೆ. ಅದು ಹುಟ್ಟಿದ್ದು ಬಡತನದಿಂದ, ಅಂದರೆ ಯಂತ್ರಗಳ ಬಡತನದಿಂದ. ಅದು ಬಾಳಿದ್ದು ಮಾತ್ರ ಬೇರೊಂದು ಕಾರಣಕ್ಕೆ. ಆ ಚರಿತ್ರೆಯನ್ನು ಇಲ್ಲಿ ಹೇಳಬೇಕೆನಿಸಿದೆ.

*

ಮೊದಲು ಒಂದು ಹೋಲಿಕೆ. ಮೈಸೂರು, ಬೆಂಗಳೂರುಗಳ ವಠಾರಗಳನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಪುಣೆಯ ವಾಡಾ, ಮುಂಬೈಯ ಚಾಳ್‌ಗಳಲ್ಲಿ ಬಾಳಿದವರಿಗೂ ಚಿತ್ರ ಹೊಸತಲ್ಲ. ಒಂದು ಹೆಬ್ಬಾಗಿಲು, ಒಂದು ಬಾವಿ, ಒಬ್ಬ ಯಜಮಾನ. ಸಾಲಾಗಿ ಎಂಟೋ ಹತ್ತೋ ಮನೆಗಳು. ಪ್ರತಿ ಮನೆಗೂ ಅದರದೇ ಒಲೆ, ಅದರದೇ ದೇವರ ಗೂಡು.

ಗಣಕದ ಒಡೆತನ ಸಾಮಾನ್ಯವಾಗಿ ಕಾರ್ಯಾಚರಣ ವ್ಯವಸ್ಥೆಯದು. ಸ್ಮೃತಿಯನ್ನು ಹಂಚುವುದು, ಡಿಸ್ಕನ್ನು ಓದುವುದು, ಯಾರ ಸರದಿ ಯಾವಾಗ ಎಂದು ನಿರ್ಧರಿಸುವುದು ಎಲ್ಲವೂ ಅದರ ಅಧಿಕಾರ. ಒಂದು ಮನೆಗೆ ಒಬ್ಬನೇ ಯಜಮಾನ ಎಂಬುದು ಅದರ ನಂಬಿಕೆ. ಹಾಗಿರುವಾಗ ಇಬ್ಬರು ಯಜಮಾನರನ್ನು ಒಂದೇ ಮನೆಯಲ್ಲಿ ಇಡುವುದು ಹೇಗೆ? ಇಬ್ಬರಿಗೂ ಪೂರ್ತಿ ಮನೆ ತಮ್ಮದೇ ಎಂದು ತೋರಿಸಬೇಕು. ನಿಜವಾದ ಒಡೆತನ ಮೂರನೆಯವನ ಕೈಯಲ್ಲಿರಬೇಕು. ಹೀಗೆ ತೋರಿಸಲಾದ ಮನೆಯೇ ವರ್ಚುವಲ್ ಮೆಷೀನ್. ಇದನ್ನು ಕನ್ನಡದಲ್ಲಿ ‘ಮಿಥ್ಯಾಯಂತ್ರ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಕೂಡಿದ ಲೆಕ್ಕ ನಿಜವಾದ ಲೆಕ್ಕ, ಅಚ್ಚಾದ ಪುಟ ನಿಜವಾದ ಪುಟ. ವೇದಾಂತಿಗಳ ಮಾತಿನಲ್ಲಿ ಅದು ವ್ಯಾವಹಾರಿಕ ಸತ್ಯ. ಆದ್ದರಿಂದ ‘ಕಲ್ಪಿತ ಯಂತ್ರ’ ಎಂದು ಕರೆಯುತ್ತೇನೆ.

*

1960ರ ದಶಕದ ಆರಂಭದಲ್ಲಿ ಗಣಕವೆಂದರೆ ಒಂದು ಕೋಣೆಯನ್ನೇ ತುಂಬುವ, ಲಕ್ಷಾಂತರ ಡಾಲರ್ ಬೆಲೆಯ ಯಂತ್ರ. ಬಳಸುವವರು ತಮ್ಮ ಕ್ರಮವಿಧಿಯನ್ನು ರಂಧ್ರಪಟ್ಟಿಗಳಲ್ಲಿ ಕೊರೆದು ಕೊಟ್ಟು, ಗಂಟೆಗಟ್ಟಲೆ ಕಾದು ಉತ್ತರ ಪಡೆಯುತ್ತಿದ್ದರು. ಎಲ್ಲೋ ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಸಾಲಿನ ಕೊನೆಗೆ. ಯಂತ್ರದ ಹೊತ್ತು ಅಮೂಲ್ಯ, ಮನುಷ್ಯನ ಹೊತ್ತು ಅಗ್ಗ ಎಂಬ ಕಾಲವದು.

ಈ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದ ಪ್ರಯೋಗಗಳಲ್ಲಿ ಮುಖ್ಯವಾದದ್ದು ಅಮೆರಿಕದ ಎಂಐಟಿಯಲ್ಲಿ ನಡೆಯಿತು. ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಸಿಟಿಎಸ್‌ಎಸ್ ಎಂಬ ಕಾಲಹಂಚಿಕೆಯ ವ್ಯವಸ್ಥೆಯನ್ನು ತೋರಿಸಿದರು. ಹಲವರು ತಮ್ಮ ತಮ್ಮ ಟೈಪ್‌ರೈಟರಿನಂಥ ತುದಿಯಲ್ಲಿ ಕುಳಿತು ಒಂದೇ ಗಣಕದೊಡನೆ ಸಂಭಾಷಿಸಬಹುದಾಗಿತ್ತು. ಯಂತ್ರ ಒಬ್ಬರಿಂದೊಬ್ಬರಿಗೆ ಕ್ಷಣಕ್ಷಣಕ್ಕೂ ಹಾರುತ್ತ, ಪ್ರತಿಯೊಬ್ಬರಿಗೂ ತಮ್ಮನ್ನೇ ಆಲಿಸುತ್ತಿದೆ ಎನ್ನಿಸುತ್ತಿತ್ತು.

1964ರ ಏಪ್ರಿಲ್ 7ರಂದು ಐಬಿಎಂ ಸಂಸ್ಥೆ ತನ್ನ ಸಿಸ್ಟಂ/360 ಗಣಕಶ್ರೇಣಿಯನ್ನು ಘೋಷಿಸಿತು. ಚಿಕ್ಕದರಿಂದ ದೊಡ್ಡದರವರೆಗೆ ಎಲ್ಲ ಮಾದರಿಗಳೂ ಒಂದೇ ಆದೇಶಭಾಷೆಯನ್ನು ಆಡುವಂತೆ ಮಾಡಿದ್ದು ಅದರ ಹಿರಿಮೆ. ಆದರೆ ಗಿರಾಕಿಗಳಿಗೆ ಬೇರೊಂದು ಚಿಂತೆ: ಹಳೆಯ 1401 ಗಣಕಕ್ಕಾಗಿ ವರ್ಷಗಟ್ಟಲೆ ಬರೆಸಿದ ಕ್ರಮವಿಧಿಗಳ ಗತಿಯೇನು? ಐಬಿಎಂ ಹೊಸ ಶ್ರೇಣಿಯ ಚಿಕ್ಕ ಮಾದರಿಗಳಲ್ಲಿ ‘ಎಮ್ಯುಲೇಟರ್’ ಒದಗಿಸಿತು. ಹೊಸ ಯಂತ್ರ ಹಳೆಯ ಯಂತ್ರದ ವೇಷ ತೊಟ್ಟು ಹಳೆಯ ಕ್ರಮವಿಧಿಗಳನ್ನು ನಡೆಸಿತು. ಹಳೆಯದನ್ನು ಬಿಸಾಡಲಾಗದು ಎಂಬ ಒತ್ತಾಯ ಈ ಚರಿತ್ರೆಯ ಮೊದಲ ಪುಟದಲ್ಲೇ ಇದೆ ಎಂಬುದನ್ನು ಓದುಗರು ನೆನಪಿಡಬೇಕು.

ಈ ಹೊಸ ಶ್ರೇಣಿಯಲ್ಲಿ ಒಂದು ಕೊರತೆಯಿತ್ತು. ಕಾಲಹಂಚಿಕೆಗೆ ಅಗತ್ಯವಾದ ವಿಳಾಸ ಪರಿವರ್ತನೆಯ ಅಂಗ ಅದರಲ್ಲಿರಲಿಲ್ಲ. ಕ್ರಮವಿಧಿ ‘ನೂರನೆಯ ಮನೆ’ ಎಂದಾಗ, ಅದನ್ನು ಸ್ಮೃತಿಯ ಬೇರೊಂದು ನಿಜವಾದ ಮನೆಗೆ ಗುಟ್ಟಾಗಿ ತಿರುಗಿಸುವ ಅಂಗವದು. ಎಂಐಟಿ ತನ್ನ ಮುಂದಿನ ಮಹಾಯೋಜನೆಯಾದ ಮಲ್ಟಿಕ್ಸ್‌ಗೆ ಜನರಲ್ ಎಲೆಕ್ಟ್ರಿಕ್‌ನ ಯಂತ್ರವನ್ನು ಆರಿಸಿಕೊಂಡಿತು. ಐಬಿಎಂಗೆ ಇದು ಮುಖಭಂಗ.

ಎಂಐಟಿಯ ಮಗ್ಗುಲಿಗೇ ಐಬಿಎಂ ಅದೇ ವರ್ಷ ತೆರೆದಿದ್ದ ಕೇಂಬ್ರಿಜ್ ವೈಜ್ಞಾನಿಕ ಕೇಂದ್ರದಲ್ಲಿ ಕೆಲವೇ ಮಂದಿ ಕೆಲಸ ಮಾಡುತ್ತಿದ್ದರು. ಸಿಟಿಎಸ್‌ಎಸ್‌ನಲ್ಲಿ ದುಡಿದು ಬಂದಿದ್ದ ರಾಬರ್ಟ್ ಕ್ರೀಸಿ ಅವರ ನಾಯಕ. ಲೆಸ್ ಕೋಮೋ ಅವರ ಮುಖ್ಯ ಸಂಗಾತಿ. ಅವರು ಮಾಡಿದ್ದು ಒಂದು ಸರಳ ವಿಂಗಡಣೆ. ಕಾಲಹಂಚಿಕೆಯ ವ್ಯವಸ್ಥೆ ಎರಡು ಕೆಲಸಗಳನ್ನು ಒಟ್ಟಿಗೆ ಹೊತ್ತು ಸೋಲುತ್ತದೆ: ಯಂತ್ರವನ್ನು ಹಲವರಿಗೆ ಹಂಚುವುದು ಒಂದು, ಪ್ರತಿಯೊಬ್ಬರಿಗೂ ಕೆಲಸದ ಅನುಕೂಲ ಒದಗಿಸುವುದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿದರೆ? ಕೆಳಗಿನದು ಹಂಚುವುದಷ್ಟನ್ನೇ ಮಾಡಲಿ. ಅದು ಪ್ರತಿಯೊಬ್ಬ ಬಳಕೆದಾರನಿಗೂ ಒಂದೊಂದು ಇಡಿಯ ಸಿಸ್ಟಂ/360 ಯಂತ್ರದ ತೋರಿಕೆಯನ್ನು ಕೊಡಲಿ. ಮೇಲಿನದು ಒಬ್ಬನಿಗಾಗಿಯೇ ಬರೆದ ಚಿಕ್ಕ, ಸರಳ ವ್ಯವಸ್ಥೆಯಾಗಿರಲಿ. ಕೆಳಗಿನದರ ಹೆಸರು ಸಿಪಿ, ಮೇಲಿನದರ ಹೆಸರು ಸಿಎಂಎಸ್.

ಈ ವಿಂಗಡಣೆಯ ಸೊಗಸು ಇನ್ನೊಂದಿದೆ. ಸಿಪಿ ಏನನ್ನು ಒದಗಿಸಬೇಕೆಂದು ಯಾರೂ ಹೊಸದಾಗಿ ಚರ್ಚಿಸಬೇಕಿರಲಿಲ್ಲ. ಸಿಸ್ಟಂ/360ರ ಕೈಪಿಡಿ ಆಗಲೇ ಅಚ್ಚಾಗಿತ್ತು; ಕಲ್ಪಿತ ಯಂತ್ರ ಆ ಕೈಪಿಡಿಯಂತೆ ನಡೆದುಕೊಂಡರೆ ಸಾಕು. ಆದ್ದರಿಂದ ಆ ಯಂತ್ರಕ್ಕಾಗಿ ಬರೆದ ಯಾವ ಕಾರ್ಯಾಚರಣ ವ್ಯವಸ್ಥೆಯನ್ನಾದರೂ, ಒಂದಕ್ಷರ ಬದಲಿಸದೆ, ಅದರಲ್ಲಿ ನಡೆಸಬಹುದಾಗಿತ್ತು.

ಮಾದರಿ 40ರ ಒಂದು ಯಂತ್ರಕ್ಕೆ ವಿಳಾಸ ಪರಿವರ್ತನೆಯ ಅಂಗವೊಂದನ್ನು ತಾವೇ ಕೂಡಿಸಿ ಅವರು ಸಿಪಿ-40 ಅನ್ನು ಕಟ್ಟಿದರು. 1967ರ ಆರಂಭಕ್ಕೆ ಅದು ನಿತ್ಯದ ಬಳಕೆಗೆ ಬಂತು. ಒಂದು ಯಂತ್ರ, ಹದಿನಾಲ್ಕು ಕಲ್ಪಿತ ಯಂತ್ರಗಳು, ಪ್ರತಿಯೊಂದಕ್ಕೂ 256 ಕಿಲೋಬೈಟ್ ಸ್ಮೃತಿ. ಸ್ಮೃತಿಯನ್ನು ಅವರು 4096 ಬೈಟ್‌ಗಳ ಪುಟಗಳಾಗಿ ಕತ್ತರಿಸಿದರು. ಇಂದು ನಮ್ಮ ಮೇಜಿನ ಮೇಲಿರುವ ಹೆಚ್ಚಿನ ಗಣಕಗಳೂ ಅದೇ ಅಳತೆಯ ಪುಟಗಳಲ್ಲೇ ಸ್ಮೃತಿಯನ್ನು ಎಣಿಸುತ್ತವೆ.

ಇತ್ತ ಐಬಿಎಂನ ಅಧಿಕೃತ ಕಾಲಹಂಚಿಕೆಯ ಯೋಜನೆ ಬೇರೆಯೇ ಇತ್ತು. ಟಿಎಸ್‌ಎಸ್ ಎಂಬ ಅದಕ್ಕೆ ಹಣವೂ ಜನವೂ ಧಾರಾಳ. ಆದರೆ ಅದು ಹೇಳಿದ ಕಾಲಕ್ಕೆ ಸಿದ್ಧವಾಗಲಿಲ್ಲ, ಸಿದ್ಧವಾದಾಗಲೂ ಕುಂಟುತ್ತಿತ್ತು. ಬೆರಳೆಣಿಕೆಯ ಮಂದಿ ಬರೆದ ಸಿಪಿಯ ಮುಂದಿನ ರೂಪ ಸಿಪಿ-67, ಅದೇ ಮಾದರಿ 67ರ ಯಂತ್ರದ ಮೇಲೆ ಸರಾಗವಾಗಿ ಓಡಿತು. ಕೈಬೆರಳಿಗೆ ಸಿಕ್ಕ ಚಿಕ್ಕ ವಿನ್ಯಾಸ, ಕೈಮೀರಿದ ದೊಡ್ಡ ವಿನ್ಯಾಸವನ್ನು ಸೋಲಿಸಿದ ಕಥೆಗಳಲ್ಲಿ ಇದೊಂದು.

ಆಮೇಲೆ ನಡೆದದ್ದು ನನ್ನನ್ನು ಇನ್ನೂ ಬೆರಗುಗೊಳಿಸುತ್ತದೆ. ಸಿಸ್ಟಂ/370ಕ್ಕೆ ವಿಳಾಸ ಪರಿವರ್ತನೆಯ ಅಂಗವನ್ನು ಸೇರಿಸುವ ಕೆಲಸ ನಡೆದಿದ್ದಾಗ, ಆ ಯಂತ್ರ ಇನ್ನೂ ತಯಾರಾಗದ ಹೊತ್ತಿನಲ್ಲೇ, ಸಿಪಿ-67 ಅನ್ನು ತಿದ್ದಿ ಹುಟ್ಟಲಿರುವ ಯಂತ್ರದ ಕಲ್ಪಿತ ರೂಪವನ್ನು ಹಳೆಯ ಯಂತ್ರದಲ್ಲಿ ನಿಲ್ಲಿಸಿದರು. ಹೊಸ ತಂತ್ರಾಂಶವನ್ನು ಅದರ ಮೇಲೆ ಬರೆದು ಪರೀಕ್ಷಿಸಿದರು. ಗೃಹಪ್ರವೇಶಕ್ಕೆ ಮೊದಲೇ ಮನೆಯಲ್ಲಿ ವಾಸಿಸಿ ನೋಡಿದಂತೆ! 1972ರ ಆಗಸ್ಟ್ 2ರಂದು ಐಬಿಎಂ ವಿಎಂ/370 ಅನ್ನು ಅಧಿಕೃತ ಉತ್ಪನ್ನವಾಗಿ ಘೋಷಿಸಿತು. ಅದರ ವಂಶದ ಕುಡಿಯಾದ ಜೆಡ್/ವಿಎಂ ಇಂದಿಗೂ ದೊಡ್ಡ ಗಣಕಗಳಲ್ಲಿ ದುಡಿಯುತ್ತಿದೆ.

*

ಅಲ್ಲಿಯವರೆಗೂ ಇದು ಕುಶಲಿಗಳ ಕೈಚಳಕವಾಗಿತ್ತು, 1974ರಲ್ಲಿ ಶಾಸ್ತ್ರವಾಯಿತು. ಆ ವರ್ಷ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಪ್ರಕಟಿಸಿದ ಚಿಕ್ಕ ಪ್ರಬಂಧವೊಂದು ಕಲ್ಪಿತ ಯಂತ್ರಕ್ಕೆ ಮೂರು ಲಕ್ಷಣಗಳನ್ನು ಹೇಳಿತು. ನಿಜವಾದ ಯಂತ್ರದಲ್ಲಿ ಕ್ರಮವಿಧಿ ಹೇಗೆ ನಡೆಯುವುದೋ ಇಲ್ಲಿಯೂ ಹಾಗೆಯೇ ನಡೆಯಬೇಕು. ಬಹುಪಾಲು ಆದೇಶಗಳು ನೇರವಾಗಿ ಯಂತ್ರದ ಮೇಲೆಯೇ ಓಡಬೇಕು, ಇಲ್ಲವಾದರೆ ವೇಗ ಉಳಿಯದು. ಸಂಪನ್ಮೂಲಗಳ ಕೊನೆಯ ಹಿಡಿತ ಹಂಚುವವನ ಕೈಯಲ್ಲಿಯೇ ಇರಬೇಕು. ಕಾರ್ಯಾಚರಣ ವ್ಯವಸ್ಥೆಯನ್ನು ಆಗ ‘ಸೂಪರ್‌ವೈಸರ್’ ಎನ್ನುವ ವಾಡಿಕೆಯಿತ್ತು. ಅದರ ಮೇಲೂ ಅಧಿಕಾರ ನಡೆಸುವವನಿಗೆ ‘ಹೈಪರ್‌ವೈಸರ್’ ಎಂಬ ಹೆಸರು ಬಂತು.

ಇದು ಸಾಧ್ಯವಾಗುವ ಬಗೆ ಹೀಗೆ. ಬಾಡಿಗೆಯವನು ತನ್ನ ಮನೆಯೊಳಗೆ ಅಡುಗೆ ಮಾಡಲಿ, ಹಾಡಲಿ, ಯಾರೂ ಅಡ್ಡಬರುವುದಿಲ್ಲ. ಬಾವಿಯ ಗಡಗಡೆಗೆ ಕೈಯಿಟ್ಟರೆ ಮಾತ್ರ ಗಂಟೆ ಬಾರಿಸುತ್ತದೆ. ಯಜಮಾನ ಬಂದು, ಅವನ ಪಾಲಿನ ನೀರನ್ನು ತಾನೇ ಸೇದಿ ಕೊಟ್ಟು ಹೋಗುತ್ತಾನೆ. ಬಾಡಿಗೆಯವನಿಗೆ ತಾನೇ ಸೇದಿದೆನೆಂಬ ಭಾವ. ಹಾಗೆಯೇ ಯಂತ್ರದ ಸ್ಥಿತಿಯನ್ನು ಮುಟ್ಟುವ ಪ್ರತಿಯೊಂದು ಸೂಕ್ಷ್ಮ ಆದೇಶವೂ, ಅಧಿಕಾರವಿಲ್ಲದವನು ಕೊಟ್ಟಾಗ, ತಪ್ಪದೆ ಗಂಟೆ ಬಾರಿಸಬೇಕು. ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಸಾಧಿಸಿ ತೋರಿಸಿದ ಮುಖ್ಯ ನಿಯಮ ಇದು.

ಈ ನಿಯಮ ಮುಂದೆ ದೊಡ್ಡ ತೊಡಕಾಯಿತು. 1980ರ ದಶಕದಲ್ಲಿ ಪರ್ಸನಲ್ ಕಂಪ್ಯೂಟರ್ ಬಂದು, ಆಳಿಗೊಂದು ಯಂತ್ರವಾದಾಗ ವಠಾರ ಯಾರಿಗೂ ಬೇಡವಾಯಿತು. ಇಂಟೆಲ್‌ನ ಎಕ್ಸ್86 ವಂಶದ ಸಂಸ್ಕಾರಕಗಳನ್ನು ರೂಪಿಸಿದವರು ಆ ನಿಯಮಕ್ಕೆ ಗಮನ ಕೊಡಲಿಲ್ಲ. 1985ರ 80386ರಲ್ಲಿ ಹಳೆಯ ಡಾಸ್ ಕ್ರಮವಿಧಿಗಳಿಗಾಗಿ ಹಲವು ಪುಟ್ಟ ಕಲ್ಪಿತ ಯಂತ್ರಗಳನ್ನು ನಡೆಸುವ ಏರ್ಪಾಡು ಇತ್ತು. ವಿಂಡೋಸ್‌ನ ಒಳಗೆ ಡಾಸ್‌ನ ಕಪ್ಪು ಕಿಟಕಿ ತೆರೆದ ನೆನಪು ನಮ್ಮಲ್ಲಿ ಹಲವರಿಗೆ ಇರಬೇಕು. ಆದರೆ ಅದೇ ಸಂಸ್ಕಾರಕದ ಪೂರ್ಣ ಯಂತ್ರವನ್ನು ಅದರೊಳಗೇ ಕಲ್ಪಿಸಲು ದಾರಿಯಿರಲಿಲ್ಲ. ಪೆಂಟಿಯಂ ಸಂಸ್ಕಾರಕದಲ್ಲಿ ಇಂಥ ಗಂಟೆ ಬಾರಿಸದ ಹದಿನೇಳು ಆದೇಶಗಳಿವೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಎಣಿಸಿತು. ಪಾಪ್ಎಫ್ ಎಂಬ ಆದೇಶವನ್ನು ನೋಡಿ: ಯಂತ್ರಕ್ಕೆ ಹೊರಗಿನಿಂದ ಬರುವ ಕರೆಗಳನ್ನು ತಡೆಯುವ ಗುರುತನ್ನು ಅಧಿಕಾರವಿಲ್ಲದವನು ಬದಲಿಸಹೋದರೆ ಅದು ದೂರನ್ನೂ ಕೊಡುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ, ಸುಮ್ಮನೆ ಮುಂದೆ ಹೋಗುತ್ತದೆ. ಕೂಗಾಡುವ ಬಾಡಿಗೆಯವನನ್ನು ಸಂಭಾಳಿಸಬಹುದು. ತೋಡು ಖಾಲಿಯಾಗಿದ್ದರೂ ನೀರು ತುಂಬಿತೆಂದು ಹೊರಟುಹೋಗುವವನನ್ನು ಹೇಗೆ ಸಂಭಾಳಿಸುವುದು?

ಉತ್ತರ ಬಂದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ. ಅಲ್ಲಿ ಮೆಂಡೆಲ್ ರೋಸೆನ್‌ಬ್ಲಮ್, ಎಡ್ವರ್ಡ್ ಬುನ್ಯೋ ಮತ್ತು ಸ್ಕಾಟ್ ಡಿವೈನ್ 1997ರಲ್ಲಿ ಡಿಸ್ಕೋ ಎಂಬ ಸಂಶೋಧನೆಯ ಮೂಲಕ ಐಬಿಎಂನ ಹಳೆಯ ಉಪಾಯಕ್ಕೆ ಮರುಜೀವ ಕೊಟ್ಟರು. ಹಲವು ಸಂಸ್ಕಾರಕಗಳ ದೊಡ್ಡ ಯಂತ್ರಕ್ಕಾಗಿ ಹೊಸ ಕಾರ್ಯಾಚರಣ ವ್ಯವಸ್ಥೆ ಬರೆಯುವ ಬದಲು, ಇರುವ ವ್ಯವಸ್ಥೆಯ ಹಲವು ಪ್ರತಿಗಳನ್ನು ಕಲ್ಪಿತ ಯಂತ್ರಗಳಲ್ಲಿ ಕೂರಿಸಿದರೆ ಹೇಗೆ ಎಂಬುದು ಅವರ ಪ್ರಶ್ನೆ. ಮರುವರ್ಷ ಡಯಾನ್ ಗ್ರೀನ್ ಮೊದಲಾದವರೊಡನೆ ಸೇರಿ ವಿಎಂವೇರ್ ಸಂಸ್ಥೆಯನ್ನು ಕಟ್ಟಿ, 1999ರಲ್ಲಿ ಸಾಮಾನ್ಯ ಪರ್ಸನಲ್ ಕಂಪ್ಯೂಟರಿನಲ್ಲೇ ಲಿನಕ್ಸ್ ಮತ್ತು ವಿಂಡೋಸ್ ಎರಡನ್ನೂ ಒಟ್ಟಿಗೆ ನಡೆಸುವ ತಂತ್ರಾಂಶವನ್ನು ಮಾರುಕಟ್ಟೆಗೆ ತಂದರು. ಗಂಟೆ ಬಾರಿಸದ ಆದೇಶಗಳಿಗೆ ಅವರು ಕಂಡುಕೊಂಡ ಮದ್ದು ಭಾಷಾಂತರ. ಅತಿಥಿ ವ್ಯವಸ್ಥೆಯ ತಿರುಳಿನ ಸಾಲುಗಳನ್ನು ಅವು ನಡೆಯುವ ಮೊದಲೇ ಓದಿ, ಅಪಾಯದ ಆದೇಶವಿದ್ದಲ್ಲಿ ಸುರಕ್ಷಿತವಾದ ಬೇರೆ ಸಾಲುಗಳನ್ನು ಇಟ್ಟು, ಹಾಗೆ ತಿದ್ದಿದ್ದನ್ನು ಮುಂದಿನ ಸಲಕ್ಕೆ ಕಾದಿರಿಸುವುದು. ಸಾಮಾನ್ಯ ಕ್ರಮವಿಧಿಗಳು ಮಾತ್ರ ನೇರವಾಗಿ, ಪೂರ್ಣ ವೇಗದಲ್ಲಿ ಓಡುತ್ತಿದ್ದವು.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಝೆನ್ ಬೇರೆ ಹಾದಿ ಹಿಡಿಯಿತು. ಅತಿಥಿಯನ್ನು ಭ್ರಮೆಯಲ್ಲಿ ಇಡುವುದೇಕೆ? ‘ನೀನು ಬಾಡಿಗೆಯವನು, ಬಾವಿಗೆ ಬರುವಾಗ ನನ್ನನ್ನು ಕರೆ’ ಎಂದು ಹೇಳಿಬಿಟ್ಟರೆ ಇಬ್ಬರಿಗೂ ಶ್ರಮ ಕಡಿಮೆ. ಆದರೆ ಅದಕ್ಕಾಗಿ ಅತಿಥಿ ವ್ಯವಸ್ಥೆಯನ್ನೇ ತಿದ್ದಬೇಕಾಗುತ್ತಿತ್ತು. ಕೊನೆಗೆ 2005 ಮತ್ತು 2006ರಲ್ಲಿ ಇಂಟೆಲ್ ಹಾಗೂ ಎಎಂಡಿ ಸಂಸ್ಥೆಗಳು ಸಂಸ್ಕಾರಕದಲ್ಲೇ ಕಲ್ಪಿತ ಯಂತ್ರಗಳಿಗೆ ನೆರವನ್ನು ಸೇರಿಸಿದವು. ಮೂವತ್ತು ವರ್ಷ ಹಿಂದೆ ಕಾಗದದ ಮೇಲೆ ಬರೆದ ನಿಯಮ ಅಂತೂ ಸಿಲಿಕಾನಿನಲ್ಲಿ ಮೂಡಿತು. 2007ರಲ್ಲಿ ಕೆವಿಎಂ ಲಿನಕ್ಸ್‌ನ ತಿರುಳಿಗೇ ಸೇರಿತು. ಅದೇ ವರ್ಷ ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶವಾಗಿ ಹೊರಬಂದು ಮನೆಮನೆಗೂ ಈ ಸೌಲಭ್ಯವನ್ನು ತಂದಿತು.

2006ರಲ್ಲಿ ಅಮೆಜಾನ್ ಝೆನ್ ಅನ್ನು ಆಧರಿಸಿ ಕಲ್ಪಿತ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. ಇಂದು ‘ಕ್ಲೌಡ್’ ಎನ್ನುವುದರ ತಳಹದಿ ಬಹುಮಟ್ಟಿಗೆ ಇದೇ ವಠಾರ. ನಡೆಯುತ್ತಿರುವ ಕಲ್ಪಿತ ಯಂತ್ರವನ್ನು ನಿಲ್ಲಿಸದೆಯೇ ಒಂದು ಗಣಕದಿಂದ ಇನ್ನೊಂದಕ್ಕೆ ಸಾಗಿಸುವುದೂ ಈಗ ರೂಢಿ. ಅದರ ಸ್ಮೃತಿಯ ಪುಟಗಳನ್ನು ಒಂದೊಂದಾಗಿ ನಕಲಿಸಿ, ಕೊನೆಯ ಕೆಲವನ್ನು ಸೆಕೆಂಡಿನ ಸಣ್ಣ ಭಾಗದಲ್ಲಿ ದಾಟಿಸಿಬಿಡುತ್ತಾರೆ. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕರೆಂಬ ಐತಿಹ್ಯ ನೆನಪಾಗುತ್ತದೆ. ಇಲ್ಲಿ ಶಿಷ್ಯರು ಗುಹೆಯಲ್ಲಿ ಹಳೆಯ ದೇಹವನ್ನು ಕಾಯಬೇಕಿಲ್ಲ, ಅಷ್ಟೆ.

ವಠಾರದ ಗೋಡೆಗಳು ತೆಳು ಎಂಬ ಸತ್ಯವೂ ಹೊರಬಿತ್ತು. 2018ರಲ್ಲಿ ಬೆಳಕಿಗೆ ಬಂದ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳು, ಸಂಸ್ಕಾರಕ ಆತುರದಿಂದ ಮುಂದಾಗಿ ಮಾಡಿಟ್ಟ ಕೆಲಸದ ಕುರುಹುಗಳಿಂದ ಇನ್ನೊಬ್ಬರ ಗುಟ್ಟನ್ನು ಊಹಿಸಬಹುದೆಂದು ತೋರಿಸಿದವು. ಪಕ್ಕದ ಮನೆಯ ಒಗ್ಗರಣೆಯ ಸದ್ದಿನಿಂದ ಅಲ್ಲಿನ ಅಡುಗೆಯನ್ನು ಊಹಿಸುವಂಥ ಕಳ್ಳತನವದು.

*

ಇಷ್ಟನ್ನೂ ಓದಿದ ಮೇಲೆ ನನಗೆ ಹೊಳೆದದ್ದು ಒಂದೇ ಮಾತು. ಕಲ್ಪಿತ ಯಂತ್ರ ಹುಟ್ಟಿದ್ದು ಹಂಚಿಕೊಳ್ಳಲು, ಬಾಳಿದ್ದು ಉಳಿಸಿಕೊಳ್ಳಲು. ಹಂಚುವ ಅಗತ್ಯ ಯಂತ್ರ ಅಗ್ಗವಾದಾಗ ಮಾಯವಾಯಿತು, ಕ್ಲೌಡ್ ಬಂದಾಗ ಮರಳಿತು. ಹಳೆಯದನ್ನು ಬಿಡಲಾರದ ಅಗತ್ಯ ಮಾತ್ರ 1401ರ ಗಿರಾಕಿಗಳಿಂದ ಹಿಡಿದು ಡಾಸ್‌ನ ಕಪ್ಪು ಕಿಟಕಿಯವರೆಗೆ ಎಂದೂ ತಪ್ಪಲಿಲ್ಲ. ಒಂದು ಕಡತ ತಾನೊಂದೇ ಬದುಕಲಾರದು. ಅದಕ್ಕೆ ತನ್ನ ಫಾಂಟು ಬೇಕು, ಫಾಂಟಿಗೆ ತಂತ್ರಾಂಶ, ತಂತ್ರಾಂಶಕ್ಕೆ ಅದರ ವ್ಯವಸ್ಥೆ, ವ್ಯವಸ್ಥೆಗೆ ಯಂತ್ರ ಬೇಕು. ಕೊನೆಯದನ್ನು ಕಲ್ಪಿಸಿಕೊಟ್ಟರೆ ಉಳಿದವು ಒಂದರ ಮೇಲೊಂದು ಏರಿ ನಿಲ್ಲುತ್ತವೆ. ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿಕೊಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ನುಡಿಯೂ ತನ್ನ ಸುತ್ತ ಒಂದು ಮನೆಯನ್ನು ಕಟ್ಟಿಕೊಟ್ಟಾಗಲೇ ಉಸಿರಾಡುತ್ತದೆ.

ನಮ್ಮ ಸಂಚಿಕೆಯ ಆ ಹದಿನಾರು ಪುಟಗಳಲ್ಲಿ ಬಳಗದ ಸ್ಥಾಪಕರಲ್ಲೊಬ್ಬರು ಬರೆದ ನೆನಪುಗಳಿದ್ದವು. ಮೊದಲ ಸಭೆಗೆ ಜಾಗವಿಲ್ಲದೆ ಒಬ್ಬರ ಮನೆಯ ಅಟ್ಟದಲ್ಲಿ ಸೇರಿದ್ದು, ರೈಲಿನಲ್ಲಿ ಒಂದು ದಿನ ತಡವಾಗಿ ಬರುತ್ತಿದ್ದ ಕನ್ನಡ ಪತ್ರಿಕೆಯನ್ನು ಏಳು ಮನೆಗಳವರು ಸರದಿಯಲ್ಲಿ ಓದಿದ್ದು ಎಲ್ಲ ಅದರಲ್ಲಿದೆ. ಬರೆದವರು ಇಂದಿಲ್ಲ. ಅವರ ಮಗಳಿಗೂ ಈ ಬರಹದ ವಿಷಯ ತಿಳಿದಿರಲಿಲ್ಲ. ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿದಾಗ ಅರ್ಕಾವತ್ತುಗಳು ತಪ್ಪು ಅಕ್ಷರದ ಮೇಲೆ ಕುಳಿತಿದ್ದವು, ಕೆಲವು ಒತ್ತಕ್ಷರಗಳು ಕಾಣೆಯಾಗಿದ್ದವು. ಎರಡು ಭಾನುವಾರ ಕುಳಿತು, ಕಲ್ಪಿತ ಯಂತ್ರದ ಚೌಕದಲ್ಲಿ ಮೂಲವನ್ನು ನೋಡುತ್ತ, ಹೊರಗೆ ತಿದ್ದಿದೆವು.

ಎಲ್ಲವೂ ಹೀಗೆ ದಕ್ಕುವುದಿಲ್ಲ. ಅದೇ ಕಪಾಟಿನ ಎರಡು ಫ್ಲಾಪಿಗಳು ಬೂಸಲು ಹಿಡಿದು ಓದಲಾಗದಂತಾಗಿವೆ. ಇಲ್ಲದ ಬಿಟ್ಟುಗಳನ್ನು ಯಾವ ಕಲ್ಪಿತ ಯಂತ್ರವೂ ಕಲ್ಪಿಸಿಕೊಡದು. ಆ ಕಾಲದ ಕೆಲವು ಅಚ್ಚುಜೋಡಣೆಯ ತಂತ್ರಾಂಶಗಳಿಗೆ ಗಣಕದ ಹಿಂಬದಿಗೆ ಸಿಕ್ಕಿಸುವ ಬೀಗದ ತುಣುಕು ಬೇಕಿತ್ತು. ಅದು ಕಳೆದಿದ್ದರೆ ಬಾಗಿಲು ತೆರೆಯುವುದು ಕಷ್ಟ.

ಆದ್ದರಿಂದ ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಗಳ ಸಂಘಗಳಲ್ಲಿ ಹಳೆಯ ಕಪಾಟುಗಳ ಬೀಗದ ಕೈ ಯಾರ ಬಳಿ ಇದೆಯೋ ಅವರಲ್ಲಿ ಒಂದು ವಿನಂತಿ. ಡಿಸ್ಕುಗಳು ಓದಲು ಬರುವಾಗಲೇ ಅವುಗಳ ಪೂರ್ಣ ನಕಲನ್ನು ತೆಗೆದಿಡಿ. ಸಂಚಿಕೆಯನ್ನು ಯಾವ ತಂತ್ರಾಂಶದಲ್ಲಿ, ಯಾವ ಫಾಂಟಿನಲ್ಲಿ ಜೋಡಿಸಿದಿರೆಂದು ಬಲ್ಲವರು ಇನ್ನೂ ನಡುವೆ ಇರುವಾಗಲೇ ಕೇಳಿ ಬರೆದಿಡಿ. ಹಳೆಯ ವಿಂಡೋಸ್ ಸಿ.ಡಿ.ಯನ್ನು ರದ್ದಿಗೆ ಹಾಕಬೇಡಿ. ನಮ್ಮ ಕಪಾಟಿನಲ್ಲಿ 1996ರ ಸಂಚಿಕೆಯ ಡಿಸ್ಕೂ ಒಂದಿದೆ. ಅದರ ಫಾಂಟು ನಮ್ಮಲ್ಲಿಲ್ಲ. ಆಗ ಅಚ್ಚು ಜೋಡಿಸಿದವರನ್ನು ಹುಡುಕುತ್ತಿದ್ದೇವೆ.